ನಾಯಿಗೆ ಬೇರೆ ಸರದಿ

ಹುಲಿ-ಕುರಿ ಆಟ ಆಡಿ ಬೆಳೆದವರಿಗೆ ಒಂದು ಸಂಗತಿಯನ್ನು ಹೇಳಿಕೊಡಬೇಕಾಗಿಲ್ಲ. ಆ ಆಟದಲ್ಲಿ ಎರಡು ಕಡೆಯವರು ಸಮಾನರಲ್ಲ. ಒಬ್ಬರ ಕೈಯಲ್ಲಿ 3 ಹುಲಿ, ಇನ್ನೊಬ್ಬರ ಕೈಯಲ್ಲಿ 15 ಕುರಿ. ಹುಲಿಗೆ ಕುರಿಯ ಮೇಲಿಂದ ಹಾರಿ ಅದನ್ನು ತಿನ್ನುವ ಹಕ್ಕಿದೆ. ಕುರಿಗೆ ಅಂಥ ಹಕ್ಕಿಲ್ಲ. ನಾಲ್ಕಾರು ಕುರಿಗಳು ಒಟ್ಟಾಗಿ ಹುಲಿಯನ್ನು ಮೂಲೆಗೆ ಒತ್ತಿ ಅಲುಗದಂತೆ ಮಾಡಬಹುದು, ಅಷ್ಟೆ. ನೆಲದ ಮೇಲೆ ಇದ್ದಿಲಿನಲ್ಲಿ ತ್ರಿಕೋನ ಬರೆದು, ಅಡ್ಡಗೆರೆ ಎಳೆದು, 23 ಸಂದಿಗಳನ್ನು ಮಾಡಿಕೊಂಡು, ಹುಲಿಗೆ ಅಡಿಕೆ, ಕುರಿಗೆ ಹುಣಸೆಬೀಜ ಇಟ್ಟು ಆಡುತ್ತಿದ್ದೆವು. ಗೇರುಬೀಜದ ಕಾಲದಲ್ಲಿ ಕುರಿಗಳು ಗೇರುಬೀಜಗಳಾಗುತ್ತಿದ್ದವು. ಆಗ ಸತ್ತ ಕುರಿಗಳು ಒಲೆಗೆ ಹೋಗಿ ಸುಟ್ಟ ಬೀಜವಾಗಿ ಬರುತ್ತಿದ್ದುದರಿಂದ ಹುಲಿಯಾಗಲು ಎಲ್ಲರಿಗೂ ಆಸೆ.

ಎಷ್ಟು ಕುರಿ ತಿಂದರೆ ಹುಲಿ ಗೆದ್ದಂತೆ ಎಂಬುದಕ್ಕೆ ಮಾತ್ರ ಒಂದೇ ಉತ್ತರ ಇರಲಿಲ್ಲ. ನಮ್ಮ ಮನೆಯಲ್ಲಿ 5 ಎಂದಿತ್ತು. ಹೊನ್ನಾವರದ ಅತ್ತೆಯ ಮನೆಗೆ ಹೋದರೆ ಅಲ್ಲಿಯ ಮಕ್ಕಳು 8 ಎನ್ನುತ್ತಿದ್ದರು. ಮೊದಲ ಅರ್ಧ ಗಂಟೆ ಆಟಕ್ಕಿಂತ ವಾದವೇ ಹೆಚ್ಚು. ನೇಪಾಳದಲ್ಲಿ ಇದೇ ಜಾತಿಯ ಆಟವನ್ನು 4 ಹುಲಿ, 20 ಕುರಿ ಇಟ್ಟು ಚೌಕದ ಮೇಲೆ ಆಡುತ್ತಾರೆ. ಅಂದರೆ ಹುಲಿಯೊಂದಕ್ಕೆ ಐದು ಕುರಿ ಎಂಬ ತೂಕವನ್ನು ಎರಡು ಕಡೆಯವರೂ ಆಡಿ ಆಡಿ, ಸೋತು ಗೆದ್ದು, ಕಂಡುಕೊಂಡಿದ್ದಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ದೇವತೆಗಳ ಜೊತೆಗೆ ಆಟಗಳಿಗೂ ‘ಕೌತುಕನಿಧಿ’ ಎಂಬ ಒಂದು ಭಾಗವನ್ನೇ ಕೊಟ್ಟರು. ಆಟದ ನಿಯಮ ಮಕ್ಕಳಾಟಿಕೆಯ ವಿಷಯವಲ್ಲ ಎಂದು ನಾನು ಹೇಳಿದರೆ ನಗುವವರು ಅವರನ್ನು ನೆನೆಯಲಿ.

ಇಷ್ಟೆಲ್ಲ ತೂಗಿದ ಮೇಲೂ ಒಂದು ಪಕ್ಷಕ್ಕೆ ಅನುಕೂಲ ಉಳಿದೀತು ಎಂಬ ಅನುಮಾನಕ್ಕೆ ನಮ್ಮ ಅಜ್ಜಿಯ ಹತ್ತಿರ ಮದ್ದಿತ್ತು. ಒಂದು ಆಟ ಮುಗಿದ ಕೂಡಲೇ, "ಈಗ ಅತ್ತ ಕೂತವ ಇತ್ತ ಕೂತ್ಕೊಳ್ಳಿ" ಎನ್ನುತ್ತಿದ್ದಳು. ಹುಲಿ ಕುರಿಯಾಗುತ್ತಿತ್ತು, ಕುರಿ ಹುಲಿಯಾಗುತ್ತಿತ್ತು. ಇದಕ್ಕಿಂತ ಸುಲಭವಾದ ನ್ಯಾಯ ನನಗೆ ಗೊತ್ತಿಲ್ಲ. ಆದರೆ ಜಾಗ ಬದಲಾಯಿಸಲು ಬಾರದ ಆಟಗಳೂ ಇವೆ. ಹಿಂದಿನ ವರ್ಷ ದಸರೆ ರಜೆಯಲ್ಲಿ ಅಂಥದೊಂದು ಆಟ ನಮ್ಮ ಶಿರಾಲಿಯ ಮನೆಯ ಜಗಲಿಗೆ ಬಂತು.

ತಂದವನು ಬೆಂಗಳೂರಿನಲ್ಲಿ ಎಂಟನೇ ಇಯತ್ತೆ ಓದುವ ತಮ್ಮನ ಮಗ. ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂದು ಹೆಸರು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಹೊರತಂದದ್ದು. ಮಣೆಯಿಲ್ಲ, ಕಾಯಿಯೂ ಇರಲೇಬೇಕೆಂದಿಲ್ಲ. ನಾಲ್ಕೈದು ಮಂದಿ ಸುತ್ತ ಕೂತುಕೊಳ್ಳುತ್ತಾರೆ. ಒಬ್ಬನು ಕತೆ ನಡೆಸುತ್ತಾನೆ: "ನೀವು ಕಾಡಿನಲ್ಲಿದ್ದೀರಿ, ಎದುರಿಗೆ ಒಂದು ಗುಹೆ, ಒಳಗಿನಿಂದ ಹೊಗೆ ಬರುತ್ತಿದೆ." ಉಳಿದವರು ಒಬ್ಬೊಬ್ಬ ಪಾತ್ರವಾಗಿ ತಾನೇನು ಮಾಡುತ್ತೇನೆಂದು ಹೇಳಬೇಕು. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು 20 ಮುಖದ ದಾಳ ಹೇಳುತ್ತದೆ.

ನಮ್ಮ ಕಡೆಯವರಿಗೆ ಇದು ತೀರ ಹೊಸತಲ್ಲ. ಮಳೆಗಾಲದಲ್ಲಿ ಬಯಲಾಟ ನಿಂತ ಮೇಲೆ ನಡೆಯುವ ತಾಳಮದ್ದಲೆಯನ್ನು ನೆನಪಿಸಿಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಶಾಲು ಹೊದ್ದವರು ಎದುರುಬದುರಾಗಿ ಕೂತು ಕರ್ಣನಾಗುತ್ತಾರೆ, ಕೃಷ್ಣನಾಗುತ್ತಾರೆ. ಬರೆದಿಟ್ಟ ಮಾತಿಲ್ಲ, ಬಾಯಿಗೆ ಬಂದದ್ದೇ ಅರ್ಥ. ಯಾರ ಸರದಿ ಎಲ್ಲಿ ಮುಗಿಯಬೇಕು ಎಂಬುದು ಭಾಗವತರ ಕೈಯಲ್ಲಿ. ತಮ್ಮನ ಮಗ ಭಾಗವತ, ಉಳಿದ ಮೂವರು ಅರ್ಥಧಾರಿಗಳು ಎಂದುಕೊಂಡೇ ನಾನು ಆ ಆಟವನ್ನು ಅರ್ಥಮಾಡಿಕೊಂಡೆ. ಒಂದು ವ್ಯತ್ಯಾಸ ದೊಡ್ಡದು. ತಾಳಮದ್ದಲೆಯಲ್ಲಿ ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ಕೊನೆಗೆ ಸಾಯಲೇಬೇಕು. ಇಲ್ಲಿ ದಾಳ ಒಲಿದರೆ ಬದುಕಿಕೊಳ್ಳಬಹುದು.

ಮೂವರಲ್ಲಿ ಒಬ್ಬ ಪಕ್ಕದ ಮನೆಯ ಏಳನೇ ಇಯತ್ತೆಯ ಹುಡುಗ. ಇನ್ನೊಬ್ಬಳು ಅವನ ಅಕ್ಕ, ಒಂಬತ್ತನೆಯವಳು, ಕತ್ತಿ ಹಿಡಿದ ಯೋಧೆ. ಮೂರನೆಯವಳು ರಸ್ತೆಯಾಚೆಯ ಮನೆಯ ಆರನೇ ಇಯತ್ತೆಯ ಹುಡುಗಿ. ಗಾಯಕ್ಕೆ ಮದ್ದು ಹಾಕುವ ವೈದ್ಯೆಯ ಪಾತ್ರ ಅವಳದು. ಹುಡುಗ ‘ರೇಂಜರ್’ ಆದ. ನಮ್ಮಲ್ಲಿ ರೇಂಜರ್ ಎಂದರೆ ಫಾರೆಸ್ಟಿನವರು, ಕಟ್ಟಿಗೆ ಹೊತ್ತು ತರುವವರನ್ನು ತಡೆದು ನಿಲ್ಲಿಸುವವರು. ಹಾಗಾಗಿ ಅವನಿಗೆ ಎಲ್ಲಿಲ್ಲದ ಗತ್ತು ಬಂತು. ಪುಸ್ತಕದ ಪ್ರಕಾರ ಆ ಪಾತ್ರಕ್ಕೆ ಒಂದು ಪ್ರಾಣಿಯನ್ನು ಸಂಗಾತಿಯಾಗಿ ಇಟ್ಟುಕೊಳ್ಳುವ ಅವಕಾಶವಿದೆಯಂತೆ. ಅವನು ನಾಯಿ ತೆಗೆದುಕೊಂಡ. ಟೈಗರ್ ಎಂದು ಹೆಸರಿಟ್ಟ.

ಅರ್ಧ ದಿನದಲ್ಲಿ ಜಗಳ ನನ್ನ ಅಡುಗೆಮನೆಗೆ ಬಂತು. "ಅಕ್ಕೋರೇ, ಅಂವ ಒಂದ್ಸಲ ಬಾಣ ಬಿಡ್ತ, ಮತ್ತೆ ಅಂವನ ನಾಯಿ ಕಚ್ತದೆ. ಅಂವಂಗೆ ಎರಡು ಸರದಿ, ನಂಗೆ ಒಂದೇ. ಇದು ಯಾವ ನ್ಯಾಯ?" ಎಂದು ಅಕ್ಕ. "ನಾಯಿ ಬೇರೆ, ನಾನು ಬೇರೆ. ನಾಯಿ ಕಚ್ಚಿದ್ದು ನಾಯಿಯ ಲೆಕ್ಕ" ಎಂದು ತಮ್ಮ.

ಶಾಲೆಯಲ್ಲಿ ಮೂವತ್ತು ವರ್ಷ ಇಂಥ ಪಂಚಾಯತಿಗೆ ಮಾಡಿದವಳು ನಾನು. ಆದರೂ ಕೂಡಲೇ ತೀರ್ಪು ಕೊಡಲಾಗಲಿಲ್ಲ. ಚದುರಂಗದಲ್ಲಿ ಈ ತೊಡಕಿಲ್ಲ. ಅಲ್ಲಿ ಕುದುರೆ ಎಂದರೆ ಕುದುರೆ, ಅದರ ಮೇಲೆ ಸವಾರ ಇದ್ದಾನೋ ಇಲ್ಲವೋ ಯಾರೂ ಕೇಳುವುದಿಲ್ಲ. ಇಬ್ಬರೂ ಸೇರಿ ಒಂದು ಕಾಯಿ, ಒಂದು ನಡೆ. ಇಲ್ಲಿ ಒಬ್ಬ ಮನುಷ್ಯ, ಒಂದು ನಾಯಿ, ಎರಡಕ್ಕೂ ಪ್ರಾಣ ಬೇರೆ, ಆದರೆ ಆಡಿಸುವ ಕೈ ಒಂದೇ. ನಾಯಿಗೆ ಬೇರೆ ಸರದಿ ಕೊಟ್ಟರೆ ಒಡೆಯನಿಗೆ ಇಮ್ಮಡಿ ಬಲ. ಕೊಡದಿದ್ದರೆ ನಾಯಿ ನಾಯಿಯಾಗಿ ಉಳಿಯುವುದಿಲ್ಲ, ಬಿಲ್ಲಿನ ಜೊತೆ ಹೆಗಲಿಗೆ ನೇತುಹಾಕಿದ ಇನ್ನೊಂದು ಆಯುಧವಾಗುತ್ತದೆ.

ಈ ತೊಡಕು ನಮ್ಮ ಜಗಲಿಯದು ಮಾತ್ರವಲ್ಲ ಎಂದು ತಮ್ಮನ ಮಗ ವಿವರಿಸಿದ. ಆಟ ಮಾಡಿದವರೇ ಹಲವು ಸಲ ಮನಸ್ಸು ಬದಲಿಸಿದ್ದಾರೆ. 2003ರ ನಿಯಮಗಳಲ್ಲಿ ಪ್ರಾಣಿಗೆ ತನ್ನದೇ ಸರದಿ ಇತ್ತು. ಆಗ ಡ್ರೂಯಿಡ್ ಎಂಬ ಕಾಡಿನ ಪೂಜಾರಿಯ ಕರಡಿಯೇ ಪಕ್ಕದಲ್ಲಿ ಕೂತ ಯೋಧನಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದು ಆಟಗಾರರು ಗೊಣಗಿದರು. 2014ರ ಪುಸ್ತಕದಲ್ಲಿ ಲಗಾಮು ಬಿಗಿಯಾಯಿತು. ರೇಂಜರ್ ತನ್ನ ಸರದಿಯನ್ನು ಬಿಟ್ಟುಕೊಟ್ಟು ಅಪ್ಪಣೆ ಮಾಡಿದರೆ ಮಾತ್ರ ಪ್ರಾಣಿ ಕಚ್ಚಬಹುದು. ಈಗ ಎದುರು ಕಡೆಯ ಗೊಣಗಾಟ: ಹಾಗಾದರೆ ನಾಯಿ ಯಾತಕ್ಕೆ? 2020ರಲ್ಲಿ ಮಧ್ಯದ ದಾರಿಯೊಂದನ್ನು ಹುಡುಕಿ, ಸರದಿಯ ಸಣ್ಣ ಪಾಲೊಂದನ್ನು ಖರ್ಚು ಮಾಡಿ ಪ್ರಾಣಿಯನ್ನು ಕಳಿಸಬಹುದು ಎಂದರು. ತಮ್ಮನ ಮಗನ ಹತ್ತಿರ ಇದ್ದದ್ದು 2014ರ ಪುಸ್ತಕ. ಆದರೆ ಅವನ ಬೆಂಗಳೂರಿನ ಗೆಳೆಯರು ಆ ನಿಯಮ ಬಿಟ್ಟು ತಮ್ಮ ಮನೆಯ ನಿಯಮ ಇಟ್ಟುಕೊಂಡಿದ್ದಾರೆ. ಅದನ್ನೇ ಅವನು ಇಲ್ಲಿಗೂ ತಂದಿದ್ದ. ಐದು ಕುರಿಯೋ ಎಂಟು ಕುರಿಯೋ ಎಂಬ ಹೊನ್ನಾವರದ ವಾದವೇ ಮತ್ತೆ ಕಿವಿಗೆ ಬಿದ್ದಂತಾಯಿತು.

"ನೀವೇ ಒಂದೊಂದು ಸಲಹೆ ಬರ್ಕೊಂಡು ಬನ್ನಿ" ಎಂದೆ. ಅಕ್ಕ ಬರೆದದ್ದು ಪುಸ್ತಕದ ನಿಯಮವನ್ನೇ: ನಾಯಿ ಕಚ್ಚಿದರೆ ಇಂವ ಬಾಣ ಬಿಡುವಂತಿಲ್ಲ. ತಮ್ಮ ಒಪ್ಪಲಿಲ್ಲ. "ಅದ್ಕೆ ನಾಯಿ ಎಂತಕ್ಕೆ, ಒಂದು ದೊಣ್ಣೆ ಹಿಡ್ಕೊಂಡ್ರೆ ಸಾಕು." ಮಾತು ಸರಿಯಾಗಿಯೇ ಇತ್ತು. ನಾಯಿ ಕಚ್ಚಲಿ, ಆದರೆ ಅದರ ಕಡಿತಕ್ಕೆ ಅರ್ಧ ಬೆಲೆ ಎಂದು ತಮ್ಮನ ಮಗ. ಇದು ವ್ಯಾಪಾರಿಯ ದಾರಿ, ತಕ್ಕಡಿಯ ಮೇಲಿಂದ ಒಂದು ಹಿಡಿ ತೆಗೆಯುವುದು. ಆರನೆಯ ಇಯತ್ತೆಯವಳು ಏನೂ ಬರೆದಿರಲಿಲ್ಲ. ಸದ್ಯಕ್ಕೆ ಅರ್ಧ ಬೆಲೆಯ ನಿಯಮ ಇಟ್ಟುಕೊಂಡು ಮತ್ತೆ ಆಡಲು ಕೂತರು. ನಾನು ಜಗಲಿಯ ಮೂಲೆಯಲ್ಲಿ ತೆಂಗಿನಗರಿಯ ಕಡ್ಡಿ ಸೀಳುತ್ತ ಕಿವಿಗೊಟ್ಟೆ.

ಆಗ ಕಂಡದ್ದು ಬೇರೆಯೇ. ಲೆಕ್ಕದಲ್ಲಿ ಈಗ ತಕ್ಕಡಿ ಸರಿಯಾಗಿತ್ತು. ಆದರೆ ಹುಡುಗ ಪ್ರತಿ ಬಾಗಿಲಲ್ಲೂ, ಪ್ರತಿ ಸುರಂಗದಲ್ಲೂ ಟೈಗರನನ್ನು ಮುಂದೆ ಕಳಿಸುತ್ತಿದ್ದ. ನೆಲದಲ್ಲಿ ಗುಂಡಿ ಇದ್ದರೆ ಮೊದಲು ಬೀಳುವುದು ನಾಯಿ. ಮೇಲಿಂದ ಕಲ್ಲು ಉರುಳಿದರೆ ಮೊದಲು ತಗಲುವುದು ನಾಯಿಗೆ. ಮೂರನೆಯ ಸಲ ನಾಯಿ ಗಾಯಗೊಂಡು ಬಿದ್ದಾಗ ವೈದ್ಯೆಯ ಪಾತ್ರದ ಹುಡುಗಿ, "ನಾ ಟೈಗರ್‌ಗೆ ಮದ್ದು ಹಾಕ್ತೆ" ಎಂದಳು. ಅವಳ ಹತ್ತಿರ ಉಳಿದದ್ದು ಒಂದೇ ಮದ್ದು. ಹುಡುಗ ತಡೆದ. "ಬೇಡ, ಅದನ್ನ ನಂಗೆ ಉಳ್ಸು. ನಾಯಿ ಸತ್ರೆ ಇನ್ನೊಂದು ಸಿಕ್ತದೆ. ಪುಸ್ತಕದಲ್ಲೇ ಇದ್ದು."

ಪುಸ್ತಕದಲ್ಲಿ ಇದ್ದದ್ದು ನಿಜ. ಸಂಗಾತಿ ಪ್ರಾಣಿ ಸತ್ತರೆ ಬೇರೊಂದು ಪ್ರಾಣಿಯ ಜೊತೆ 8 ಗಂಟೆ ಕಳೆದು ಮಂತ್ರದಿಂದ ನಂಟು ಕಟ್ಟಿಕೊಂಡರೆ ಅದೇ ಹೊಸ ಸಂಗಾತಿ ಎಂದು 2014ರ ನಿಯಮ ಹೇಳುತ್ತದೆ. ಹುಡುಗಿ ದಾಳವನ್ನು ಕೆಳಗಿಟ್ಟಳು. "ನಾ ಆಡೂದಿಲ್ಲ" ಎಂದು ಎದ್ದು ನನ್ನ ಪಕ್ಕ ಬಂದು ಕೂತಳು.

ಎಂಟು ಗಂಟೆ ಎಂಬ ಮಾತು ಕೇಳಿದ ಕೂಡಲೇ ನನಗೆ ನೆನಪಾದದ್ದು ನಮ್ಮ ತಂದೆಯವರ ಎತ್ತು. ಆಗ ನನಗೂ ಅವಳಷ್ಟೇ ವಯಸ್ಸು. ಊರಿನಲ್ಲಿ ಎಲ್ಲರ ಮನೆಯಲ್ಲೂ ಎತ್ತಿರಲಿಲ್ಲ. ಇದ್ದವರು ಇಲ್ಲದವರ ಗದ್ದೆ ಹೂಡಿಕೊಡುವುದು, ಇಲ್ಲದವರು ಮುಯ್ಯಾಳಾಗಿ ಬಂದು ನೆಟ್ಟಿಯಲ್ಲೋ ಕೊಯ್ಲಿನಲ್ಲೋ ಅದನ್ನು ತೀರಿಸುವುದು. ನಮ್ಮ ಕೇರಿಯ ಲೆಕ್ಕದಲ್ಲಿ ಎತ್ತಿನ ಜೋಡಿಯ ಒಂದು ದಿನಕ್ಕೆ ಎರಡು ಆಳಿನ ಒಂದೊಂದು ದಿನ ಸಮ. ಇದೂ ಪ್ರಾಣಿಯ ಬಲವನ್ನು ಮನುಷ್ಯನ ಬಲದ ಪಕ್ಕ ಇಟ್ಟು ತೂಗಿದ ಮನೆಯ ನಿಯಮವೇ. ಯಾರೂ ಜಗಳಾಡಿದ್ದಿಲ್ಲ, ಒಂದು ಸಲದ ಹೊರತು. ಒಬ್ಬರು ಜೋಡಿಯನ್ನು ಕೊಂಡೊಯ್ದಿದ್ದಾಗ ಗದ್ದೆಯಂಚಿನ ಹೊಂಡಕ್ಕೆ ಬಲಗಡೆಯ ಎತ್ತಿನ ಮುಂಗಾಲು ಸಿಕ್ಕಿ ಮುರಿಯಿತು. ಹೊಂಡ ಇದ್ದದ್ದು ಅವರಿಗೆ ತಿಳಿದಿತ್ತು. ಸಂಜೆ ಬಂದವರು ಜಗಲಿಯ ಮೆಟ್ಟಿಲ ಮೇಲೆ ಕೂತು, "ಜಾನುವಾರು ಅಂದಮೇಲೆ ಅಷ್ಟೆಲ್ಲ ಆಗ್ತದೆ, ಎಂತ ಮಾಡೂಕೆ ಆಗ್ತದೆ" ಎಂದು ಹೇಳಿ ಎಲೆಯಡಿಕೆ ಹಾಕಿಕೊಂಡು ಹೋದರು. ಅಪ್ಪ ಅವರೆದುರಿಗೆ ಏನೂ ಆಡಲಿಲ್ಲ. ಅವರು ಹೋದ ಮೇಲೆ ಆಯಿಯ ಹತ್ತಿರ, "ಹೂಡುವಾಗ ಎರಡಾಳು, ಕಾಲು ಮುರಿದಾಗ ಜಾನುವಾರು" ಎಂದರು. ಆ ಎತ್ತು ಮತ್ತೆ ನೊಗಕ್ಕೆ ಬರಲಿಲ್ಲ. ಅದಿಲ್ಲದೆ ಎಡಗಡೆಯದಕ್ಕೂ ಕೆಲಸವಿಲ್ಲ. ಆ ವರ್ಷದ ಗದ್ದೆಯನ್ನು ನಾವು ಬೇರೆಯವರ ಎತ್ತಿನಲ್ಲಿ ಹೂಡಿಸಿ, ಆಯಿ ಮತ್ತು ಅಪ್ಪ ಇಬ್ಬರೂ ಮುಯ್ಯಾಳಾಗಿ ಹೋಗಿ ತೀರಿಸಿದರು.

ನಮ್ಮ ಜಗಲಿಯ ಹುಡುಗನೂ ಅದೇ ಲೆಕ್ಕ ಹಾಕುತ್ತಿದ್ದ. ಕಚ್ಚುವಾಗ ನಾಯಿ ಬೇರೆ, ಅದಕ್ಕೆ ತನ್ನದೇ ಸರದಿ ಬೇಕು. ಸಾಯುವಾಗ ಅದು ತನ್ನ ಸಾಮಾನು, ಇನ್ನೊಂದು ಸಿಗುತ್ತದೆ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹನ್ನೆರಡು ವರ್ಷದ ಹುಡುಗ, ನಿಯಮ ಬಿಟ್ಟಷ್ಟು ದೂರ ಹೋಗುತ್ತಾನೆ. ಸಿಟ್ಟು ಬಂದದ್ದು ನಿಯಮದ ಮೇಲೆ.

ತಾಳಮದ್ದಲೆ ಕೇಳುವವರಿಗೆ ಇಷ್ಟರಲ್ಲಿ ‘ವಾಲಿವಧೆ’ ನೆನಪಾಗಿರಬೇಕು. ನಮ್ಮ ಕರಾವಳಿಯಲ್ಲಿ ಇಷ್ಟು ಸಲ ನಡೆದ ಪ್ರಸಂಗಗಳು ಕಡಿಮೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ವಾಲಿಯನ್ನು ಕೇಳಿದವರು ಈಗಲೂ ಅದರ ಮಾತೆತ್ತುತ್ತಾರೆ. ಬಾಣ ನೆಟ್ಟು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ರಾಮ ಕೊಡುವ ಉತ್ತರಗಳಲ್ಲಿ ಎರಡನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದು, ತಮ್ಮನ ಹೆಂಡತಿಯನ್ನು ಇಟ್ಟುಕೊಂಡು ನೀನು ಧರ್ಮ ಮೀರಿದೆ, ಅದಕ್ಕೆ ರಾಜದಂಡನೆ. ಇನ್ನೊಂದು, ನೀನು ಶಾಖಾಮೃಗ. ಮೃಗವನ್ನು ಬೇಟೆಯಾಡುವವನು ಎದುರು ನಿಲ್ಲಬೇಕೆಂದಿಲ್ಲ, ಮರೆಯಿಂದಲೂ ಹೊಡೆಯಬಹುದು. ಮನುಷ್ಯರ ಧರ್ಮಕ್ಕೆ ಒಳಪಟ್ಟವನಾದರೆ ಅವನನ್ನು ಮೃಗದಂತೆ ಬೇಟೆಯಾಡುವುದು ಹೇಗೆ? ಮೃಗವಾದರೆ ಅವನ ಸಂಸಾರದ ತಪ್ಪಿಗೆ ದಂಡನೆ ಎಲ್ಲಿಯದು? ವಾಲಿಯೂ ಇದನ್ನು ಬಿಟ್ಟಿಲ್ಲ. ನನ್ನನ್ನು ಮೃಗ ಎಂದೇ ಇಟ್ಟುಕೊಂಡರೂ ನನ್ನ ತೊಗಲು ಉಡಲು ಬಾರದು, ಮಾಂಸ ತಿನ್ನಲು ಬಾರದು, ಐದು ಉಗುರಿನ ಪ್ರಾಣಿಗಳಲ್ಲಿ ತಿನ್ನಬಹುದಾದ ಐದರಲ್ಲಿ ನಾನಿಲ್ಲ, ಮತ್ತೆ ಬೇಟೆ ಯಾತಕ್ಕೆ ಎಂದು ಕೇಳುತ್ತಾನೆ. ರಾಮನ ಪಕ್ಷದ ಅರ್ಥಧಾರಿಗಳು ಇದಕ್ಕೆ ಸಮಾಧಾನ ಹೇಳುವುದನ್ನು ನಾನು ಬಹಳ ಸಲ ಕೇಳಿದ್ದೇನೆ, ಜಾಣ ಸಮಾಧಾನಗಳೂ ಇವೆ. ನನ್ನ ಮನಸ್ಸು ಪ್ರತಿ ಸಲವೂ ವಾಲಿಯ ಕಡೆಗೇ ವಾಲಿದೆ. ಆದರೆ ಒಂದನ್ನು ಗಮನಿಸಬೇಕು. ವಾಲಿಗೆ ಕೇಳುವ ಬಾಯಿ ಇತ್ತು, ಅವನಿಗೆಂದು ಒಬ್ಬ ಅರ್ಥಧಾರಿ ಕೂತಿದ್ದ. ಜಟಾಯುವಿಗೂ ಇದ್ದಾನೆ, ಜಾಂಬವನಿಗೂ ಇದ್ದಾನೆ. ಸುಧನ್ವನ, ಬಭ್ರುವಾಹನನ ಕಾಳಗಗಳಿಗೆಲ್ಲ ಕಾರಣವಾದ ಅಶ್ವಮೇಧದ ಕುದುರೆಗೆ ಮಾತ್ರ ಯಾರೂ ಇಲ್ಲ. ಪ್ರಸಂಗವೆಲ್ಲ ಅದರ ಬೆನ್ನ ಹಿಂದೆ ನಡೆಯುತ್ತದೆ, ಅದರ ಸರದಿ ಬರುವುದೇ ಇಲ್ಲ.

ಹೆಸರು ಯಾರಿಗೆ ಸಲ್ಲಬೇಕು ಎಂಬಲ್ಲಿಯೂ ಇದೇ ತೊಡಕು. 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂದು ದೇಶವೆಲ್ಲ ಸುದ್ದಿಯಾಯಿತು. ಪತ್ರಿಕೆಗಳು ಅದನ್ನು 100 ಮೀಟರಿಗೆ ಇಳಿಸಿ, 9.55 ಸೆಕೆಂಡು ಎಂದು ಲೆಕ್ಕ ಹಾಕಿ ಉಸೇನ್ ಬೋಲ್ಟನ ಪಕ್ಕದಲ್ಲಿ ನಿಲ್ಲಿಸಿದವು. ಎಳೆದುಕೊಂಡು ಓಡಿದ ಎರಡು ಕೋಣಗಳನ್ನು ಆ ಭಾಗಾಕಾರದಲ್ಲಿ ಎಲ್ಲಿ ಇಟ್ಟರೋ ಕಾಣೆ. ಗೌಡರು ಮಾತ್ರ ಕೋಣಗಳ ಪಾಲನ್ನು ಮರೆಯಲಿಲ್ಲ. ಜೊತೆಯಲ್ಲಿ ಓಡಿದವರಿಗೆ ಅದು ಮರೆಯುವುದಿಲ್ಲ ಎಂದು ಕಾಣುತ್ತದೆ. ಲೆಕ್ಕ ತಪ್ಪುವುದು ದಂಡೆಯ ಮೇಲೆ ಕೂತವರಿಗೆ.

ಸರಕಾರವೂ ಒಂದು ಮನೆಯ ನಿಯಮ ಬರೆದಿದೆ ಎಂಬುದನ್ನು ಹೆಚ್ಚಿನವರು ತಿಳಿದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಕೆಳಗೆ 1965ರಲ್ಲಿ ಎಳೆಯುವ, ಹೊರುವ ಪ್ರಾಣಿಗಳಿಗಾಗಿ ನಿಯಮಗಳು ಬಂದವು. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಬಾರದು. ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ಸೆಕೆ 37 ಡಿಗ್ರಿ ದಾಟುವ ಕಡೆಗಳಲ್ಲಿ ಮಧ್ಯಾಹ್ನ 12ರಿಂದ 3ರ ತನಕ ಗಾಡಿ ಹೂಡಬಾರದು. ಎತ್ತಿನ ಬಲಕ್ಕೆ ಬೆಲೆ ಕಟ್ಟುವ ಮಾತು ಅಲ್ಲಿಲ್ಲ. ಅದರ ದಣಿವಿಗೆ ಲೆಕ್ಕ ಇಟ್ಟಿದ್ದಾರೆ. ಸರದಿಯ ಅರ್ಧ ಪಾಲು, ಕಾಲು ಪಾಲು ಎಂದು ಆಟದವರು ತಲೆ ಕೆಡಿಸಿಕೊಂಡದ್ದಕ್ಕಿಂತ ಇದು ಸರಿಯಾದ ತುದಿಯಿಂದ ಶುರುವಾಗಿದೆ ಎಂದು ನನಗೆ ಅನ್ನಿಸಿತು.

ಮಕ್ಕಳಿಗೆ ನಾನು ಇದನ್ನೆಲ್ಲ ಹೇಳಲಿಲ್ಲ, ಎತ್ತಿನ ಕತೆಯಷ್ಟನ್ನು ಹೇಳಿದೆ. ಹುಡುಗ ಸುಮ್ಮನೆ ಕೇಳಿಕೊಂಡ. "ನಿಂಗೆ ನಾಯಿ ಬೇರೆಯೋ, ನಿಂದೇ ಕೈಕಾಲೋ? ಯಾವುದಾದ್ರೂ ಒಂದು ಹೇಳು. ಎರಡೂ ಆಗೂದಿಲ್ಲ" ಎಂದೆ. ಬೇರೆ ಎಂದರೆ ಅದಕ್ಕೆ ಸರದಿ ಉಂಟು, ಆದರೆ ಅದರ ನೋವೂ ಸಾವೂ ಬೇರೆ ಲೆಕ್ಕಕ್ಕೆ ಬರಬೇಕು. ಕೈಕಾಲು ಎಂದರೆ ಬೇರೆ ಸರದಿ ಇಲ್ಲ, ನಾಯಿಗೆ ಬಿದ್ದ ಪೆಟ್ಟು ಅವನ ಮೈಗೇ ಬಿದ್ದಂತೆ. ಅವನು ಬಹಳ ಹೊತ್ತು ಪೆನ್ಸಿಲಿನ ತುದಿ ಕಚ್ಚಿ, "ಬೇರೆ" ಎಂದ. ಆಮೇಲೆ ಅವರೇ ಕೂತು ನಿಯಮ ಮಾಡಿದರು. ಟೈಗರ್‌ಗೆ ಪೂರ್ತಿ ಸರದಿ, ಕಡಿತಕ್ಕೆ ಪೂರ್ತಿ ಬೆಲೆ. ಅರ್ಧ ಬೆಲೆಯ ನಿಯಮ ರದ್ದು. ಆದರೆ ಟೈಗರ್ ಸತ್ತರೆ ಈ ಕತೆ ಮುಗಿಯುವ ತನಕ ಅವನಿಗೆ ಇನ್ನೊಂದು ಪ್ರಾಣಿ ಇಲ್ಲ. ರಾತ್ರಿ ತಂಗಿದಲ್ಲಿ ಅದಕ್ಕೂ ಅನ್ನದ ಪಾಲು ಬೇಕು, ತಿನ್ನಲು ಇಲ್ಲದ ದಿನ ಹುಡುಗನ ಪಾಲಿನಿಂದಲೇ ಕೊಡಬೇಕು.

ಇದು ತಮ್ಮನಿಗೇ ಲಾಭ ಎಂದು ಮೊದಲು ಅಕ್ಕ ಮುಖ ಸಿಂಡರಿಸಿದಳು. ಎರಡು ಸುತ್ತು ಆಡುವಷ್ಟರಲ್ಲಿ ಸುಮ್ಮನಾದಳು. ಯಾಕೆಂದರೆ ಹುಡುಗ ನಾಯಿಯನ್ನು ಮೊದಲಿನಂತೆ ಮುಂದೆ ಬಿಡುವುದನ್ನು ನಿಲ್ಲಿಸಿದ್ದ. ಒಂದು ಸಲ ಕಚ್ಚಿಸಿ ಹಿಂದೆ ಕರೆಯುತ್ತಿದ್ದ. ಅದಕ್ಕೆ ಪೆಟ್ಟು ತಗಲುವ ಹಾಗಿದ್ದರೆ ತಾನೇ ಅಡ್ಡ ನಿಲ್ಲುತ್ತಿದ್ದ, ಆಗ ಅವನ ಬಾಣದ ಸರದಿ ಹೋಗುತ್ತಿತ್ತು. ಅವನ ಇಮ್ಮಡಿ ಬಲ ತಾನಾಗಿ ಒಂದೂಕಾಲಿಗೆ ಇಳಿಯಿತು. ಯಾರೂ ಅದನ್ನು ಕತ್ತರಿಸಿರಲಿಲ್ಲ. ಕಳೆದುಕೊಳ್ಳುವುದಕ್ಕೆ ಬೆಲೆ ಬಂದ ಕೂಡಲೇ ಬಳಸುವುದಕ್ಕೆ ಮಿತಿ ಬಂತು. ಅಕ್ಕನ ಸಿಟ್ಟೂ, ಎದ್ದು ಬಂದ ಹುಡುಗಿಯ ಸಿಟ್ಟೂ ಬೇರೆ ಬೇರೆ ಎಂದು ನಾನು ಎಣಿಸಿದ್ದೆ. ಎರಡಕ್ಕೂ ಮದ್ದು ಒಂದೇ ಡಬ್ಬಿಯಲ್ಲಿತ್ತು.

ಹುಡುಗಿ ಮತ್ತೆ ಆಡಲು ಹೋದಳು, ಆದರೆ ಪೂರ್ತಿ ಸಮಾಧಾನದಿಂದಲ್ಲ. ಮಾರನೆಯ ದಿನ ಅವಳು ತಂದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊಗೆ ಬರುವ ಗುಹೆಯ ಬಾಯಿಗೆ ಎಲ್ಲರೂ ಬಂದು ನಿಂತಿದ್ದರು. ಒಳಗೆ ಏನಿದೆಯೋ ಮೂಸಿ ಬರಲಿ ಎಂದು ಹುಡುಗ ಟೈಗರ್‌ಗೆ ಹೇಳಿದ. "ಹೋಗೂಕೆ ಟೈಗರ್‌ಗೆ ಮನಸ್ಸುಂಟಾ ಹೇಳಿ ಯಾರು ಹೇಳೂದು?" ಎಂದಳು ಅವಳು. "ನನ್ನ ನಾಯಿ, ನಾ ಹೇಳ್ತೆ" ಎಂದ ಅವನು. "ಬೇರೆ ಅಂತ ನಿನ್ನೆ ನೀನೇ ಹೇಳಿದ್ದೆ" ಎಂದಳು. ನಾಯಿಯ ಸರದಿಯನ್ನು ಬೇರೊಬ್ಬರು ಆಡಿಸಲಿ, ಒಡೆಯ ಅಪ್ಪಣೆ ಮಾಡಬಹುದು, ನಾಯಿ ಕೇಳದಿರಲೂಬಹುದು ಎಂಬುದು ಅವಳ ಸಲಹೆ. ನಾಯಿಯನ್ನು ತಾನೇ ಆಡುತ್ತೇನೆ ಎಂದೂ ಹೇಳಿದಳು. ಅಶ್ವಮೇಧದ ಕುದುರೆಗೆ ಒಬ್ಬ ಅರ್ಥಧಾರಿಯನ್ನು ಕೂರಿಸುವಂಥ ಮಾತು. ಹುಡುಗನ ಕಣ್ಣಲ್ಲಿ ನೀರು ಬಂತು. ನಾಯಿಯನ್ನು ಕಸಿದುಕೊಂಡಂತೆ ಅವನಿಗೆ ಕಂಡಿರಬೇಕು. ಅದೂ ಸುಳ್ಳಲ್ಲ. ಸಾಕಿದವನಿಗಿಂತ ಚೆನ್ನಾಗಿ ನಾಯಿಯ ಮನಸ್ಸು ಪಕ್ಕದ ಮನೆಯವರಿಗೆ ಗೊತ್ತು ಎಂದರೆ ಯಾರು ಒಪ್ಪುತ್ತಾರೆ?

ಮಹಾಭಾರತದ ಕೊನೆಯಲ್ಲಿ ಧರ್ಮರಾಯನ ಜೊತೆ ಹೊರಟ ನಾಯಿ ತಾನಾಗಿ ಹೊರಟದ್ದು. ಯಾರೂ ಕರೆದಿರಲಿಲ್ಲ, ಅಪ್ಪಣೆ ಮಾಡಿರಲಿಲ್ಲ. ತಮ್ಮಂದಿರೂ ದ್ರೌಪದಿಯೂ ದಾರಿಯಲ್ಲಿ ಬಿದ್ದ ಮೇಲೆ ಉಳಿದದ್ದು ಅದೊಂದೇ. ನಾಯಿಗೆ ಸ್ವರ್ಗದಲ್ಲಿ ಜಾಗವಿಲ್ಲ, ಬಿಟ್ಟು ಬಾ ಎಂದು ಇಂದ್ರ ರಥ ನಿಲ್ಲಿಸಿದಾಗ ಧರ್ಮರಾಯ ಒಪ್ಪಲಿಲ್ಲ. ಶಾಲೆಯಲ್ಲಿ ಈ ಕತೆ ಹೇಳುವಾಗ ಅದರ ಮುಂದಿನ ಭಾಗ ನನಗೆ ಯಾವಾಗಲೂ ಸ್ವಲ್ಪ ಸಪ್ಪೆ ಎನ್ನಿಸಿದೆ. ನಾಯಿ ನಾಯಿಯಲ್ಲ, ಸಾಕ್ಷಾತ್ ಧರ್ಮದೇವತೆ ಎಂದಾಗಿ ಮಕ್ಕಳು "ಓ, ಹಾಗಾ" ಎಂದು ನಿರಾಳರಾಗುತ್ತಾರೆ. ಬೇಡ ಎಂದಾಗ ಅವನಿಗೆ ಅದು ಬರೀ ನಾಯಿಯೆಂದೇ ಗೊತ್ತಿದ್ದದ್ದು. ದೇವತೆಯೆಂದು ತಿಳಿದು ಯಾರು ಬಿಟ್ಟಾರು?

ಗುಹೆಯ ಬಾಯಿಯ ಜಗಳಕ್ಕೆ ತಮ್ಮನ ಮಗ ಒಂದು ದಾರಿ ಹೇಳಿದ. ಟೈಗರ್ ಹೋಗುವುದೋ ಬಿಡುವುದೋ ದಾಳವೇ ಹೇಳಲಿ. ಹುಡುಗ ಅದನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾನೋ ಅಷ್ಟು ಅಂಕ ಅವನ ಕಡೆಗೆ ಸೇರಲಿ. ನೋಡಿಕೊಂಡದ್ದನ್ನು ಅಳೆಯುವವರು ಯಾರು ಎಂದು ಅಕ್ಕ ಕೇಳಿದಳು. ಅಕ್ಕೋರು ಎಂದರು ಎಲ್ಲರೂ. ಆಗದು ಎಂದೆ. ಅಂಕ ಕೊಡುವ ಕೆಲಸದಿಂದ ರಜೆಯ ಹದಿನೈದು ದಿನವಾದರೂ ನನಗೆ ಬಿಡುವು ಬೇಕು. ಮಾತು ಅಲ್ಲಿಗೇ ನಿಂತಿತು. ಎರಡು ದಿನ ಬಿಟ್ಟು ತಮ್ಮ ಬಂದು ಮಗನನ್ನು ಬೆಂಗಳೂರಿನ ಬಸ್ಸಿಗೆ ಕರೆದುಕೊಂಡು ಹೋದ. ದಾಳ, ಪುಸ್ತಕ ಎಲ್ಲ ಅವನ ಚೀಲದಲ್ಲಿ ಹೋದವು. ಮಕ್ಕಳು ಬರೆದ ನಿಯಮದ ಹಾಳೆ ಮಾತ್ರ ನಮ್ಮ ಮನೆಯ ಪಂಚಾಂಗದ ನಡುವೆ ಉಳಿದಿದೆ. ಟೈಗರ್ ಇನ್ನೂ ಗುಹೆಯ ಹೊರಗೆ ಕೂತಿದೆ, ಬೇಸಿಗೆ ರಜೆಗೆ ನೋಡೋಣ ಎಂದು ಪಕ್ಕದ ಮನೆಯ ಹುಡುಗ ಆಗಾಗ ಬೇಲಿಯಾಚೆಯಿಂದ ಹೇಳುತ್ತಿರುತ್ತಾನೆ.